ಶಾಸಕ, ವಿಧಾಯಕ, ಕಟ್ಟು: ಬೊಕ್ಕಾಪುರಂ ಸೀಮೆಯ ನುಡಿಯ ಬೆಳಕಿನಲ್ಲಿ ಒಂದು ಪದವಿಚಾರ

ಕಾನೂನು ಮಾಡುವವನಿಗೆ ಕನ್ನಡದಲ್ಲಿ ಇಂದು ರೂಢಿಯಲ್ಲಿರುವ ಮಾತು 'ಶಾಸಕ'. ಪತ್ರಿಕೆ ಓದುವವರು ಶಾಸಕರು ಎನ್ನುತ್ತಾರೆ, ಓದದವರು 'ಎಮ್ಮೆಲ್ಲೆ' ಎನ್ನುತ್ತಾರೆ, ವ್ಯಕ್ತಿ ಒಬ್ಬನೇ. ಈ ಹೆಸರು ಅವನಿಗೆ ಹೇಗೆ ಬಂತು, ಅದರ ಮೂಲಾರ್ಥವೇನು, ಕಾನೂನು ಮಾಡುವ ಕೆಲಸಕ್ಕೆ ನಮ್ಮ ಜನರ ಬಾಯಲ್ಲಿ ಬೇರೆ ಯಾವ ಮಾತಿದೆ ಎಂಬುದನ್ನು ವಿಚಾರ ಮಾಡುವುದೇ ಈ ಪ್ರಬಂಧದ ಉದ್ದೇಶ. ನಾನು ಸಂಸ್ಕೃತ ಪಾಠ ಹೇಳಿ ನಿವೃತ್ತನಾದವನು, ವಯಸ್ಸು ಎಪ್ಪತ್ತು ದಾಟಿದೆ. ಭಾಷಾವಿಜ್ಞಾನದ ಹೊಸ ಪರಿಭಾಷೆ ನನಗೆ ಅಷ್ಟಾಗಿ ಒಗ್ಗದು. ಧಾತು, ಪ್ರತ್ಯಯ, ಅರ್ಥ, ಪ್ರಯೋಗ ಎಂಬ ಹಳೆಯ ದಾರಿಯಲ್ಲೇ ನಡೆದಿದ್ದೇನೆ.

ವಿಚಾರಕ್ಕೆ ಆರಿಸಿಕೊಂಡ ನೆಲ ನೀಲಗಿರಿ ಜಿಲ್ಲೆಯ ಮಸಿನಗುಡಿ ಬಳಿಯ ಬೊಕ್ಕಾಪುರಂ. ಬರಹದಲ್ಲಿ ಬೊಕ್ಕಾಪುರಂ, ಗುಂಡ್ಲುಪೇಟೆ, ಚಾಮರಾಜನಗರದ ಕಡೆಯ ನಮ್ಮಂಥವರ ಬಾಯಲ್ಲಿ ಬೊಕ್ಕಾಪುರ. ಉದಕಮಂಡಲದಿಂದ ಕಲ್ಲಟ್ಟಿ ಘಟ್ಟದ 36 ತಿರುವುಗಳನ್ನು ಇಳಿದರೆ ಸಿಗುವ ಸೀಗೂರು ಬಯಲಿನಲ್ಲಿ, ಬೆಟ್ಟದ ಉತ್ತರದ ಬುಡದಲ್ಲಿ ಈ ಊರಿದೆ. ಇನ್ನೂ ಉತ್ತರಕ್ಕೆ ಹೋದರೆ ಮೋಯಾರ್ ನದಿ, ಅದರಾಚೆ ಬಂಡೀಪುರದ ಕಾಡು, ಕರ್ನಾಟಕ. ಊರ ಮಾರಿಯಮ್ಮನ ಜಾತ್ರೆಗೆ ಬೆಟ್ಟದ ಮೇಲಿನಿಂದಲೂ ಗಡಿಯಾಚೆಯಿಂದಲೂ ಸಾವಿರಗಟ್ಟಲೆ ಜನ ಬರುತ್ತಾರೆ. ಇರುಳರು, ಕುರುಂಬರು, ಬಡಗರು, ತಮಿಳರು, ಮಲಯಾಳಿಗಳು, ಕನ್ನಡಿಗರು ಒಟ್ಟಿಗೆ ಬದುಕುವ ಸೀಮೆಯಿದು. ಒಬ್ಬನೇ ಮನುಷ್ಯ ಬೆಳಗಿನಿಂದ ಸಂಜೆಯೊಳಗೆ ಮೂರು ಭಾಷೆ ಆಡುತ್ತಾನೆ. ಹೀಗಾಗಿ ಕಾನೂನಿಗೆ ಸಂಬಂಧಿಸಿದ ಮಾತುಗಳು ಇಲ್ಲಿ ಒಂದರ ಪಕ್ಕ ಒಂದು ನಿಂತಿವೆ. ಹೋಲಿಸಿ ನೋಡುವವನಿಗೆ ಇದಕ್ಕಿಂತ ಅನುಕೂಲವಾದ ಸ್ಥಳ ಬೇಕಿಲ್ಲ.

1. ಶಾಸ್ ಧಾತುವಿನ ವಿಚಾರ

'ಶಾಸಕ' ಶಬ್ದ 'ಶಾಸ್' ಧಾತುವಿನಿಂದ ಹುಟ್ಟಿದ್ದು. ಧಾತುಪಾಠದಲ್ಲಿ ಅದಾದಿಗಣಕ್ಕೆ ಸೇರಿದ ಈ ಧಾತುವಿಗೆ ಕೊಟ್ಟಿರುವ ಅರ್ಥ 'ಅನುಶಿಷ್ಟಿ'. ಅಂದರೆ ತಿಳಿಸಿ ಹೇಳುವುದು, ದಾರಿಗೆ ತರುವುದು. ಧಾತುವಿಗೆ ಕರ್ತ್ರರ್ಥದಲ್ಲಿ ಣ್ವುಲ್ ಪ್ರತ್ಯಯ ಬಂದು, ಅದು 'ಅಕ' ಎಂದಾಗಿ, ಶಾಸಕ ಎಂಬ ರೂಪ ಸಿದ್ಧಿಸುತ್ತದೆ. ಗಾಯಕ, ಪಾಚಕ, ನಾಯಕ ಎಂಬವು ಇದೇ ಅಚ್ಚಿನವು. ತೃಚ್ ಪ್ರತ್ಯಯ ಬಂದರೆ 'ಶಾಸ್ತೃ', ಪ್ರಥಮಾ ವಿಭಕ್ತಿಯಲ್ಲಿ 'ಶಾಸ್ತಾ'. ಅಮರಕೋಶವು ಶಾಸ್ತಾ ಎಂಬುದನ್ನು ಬುದ್ಧನ ಹೆಸರುಗಳಲ್ಲಿ ಒಂದಾಗಿ ಹೇಳುತ್ತದೆ. ಶಬರಿಮಲೆಯ ಸ್ವಾಮಿಯೂ ಧರ್ಮಶಾಸ್ತಾ. ಇಬ್ಬರಲ್ಲಿ ಯಾರೂ ಕಾನೂನು ಮಾಡಿದವರಲ್ಲ, ದಾರಿ ತೋರಿಸಿದವರು.

ಈ ಧಾತುವಿನ ಕುಟುಂಬ ದೊಡ್ಡದು. ಹೇಳಿಸಿಕೊಳ್ಳತಕ್ಕವನು ಶಿಷ್ಯ. ಹೇಳಿಸಿಕೊಂಡು ತಿದ್ದಿಕೊಂಡವನು ಶಿಷ್ಟ. ಹೇಳುವುದಕ್ಕೆ ಸಾಧನವಾದದ್ದು ಶಾಸ್ತ್ರ. ಹೇಳಿದರೂ ಕೇಳದವನಿಗೆ ಆಗುವುದು ಶಾಸ್ತಿ. 'ಮಾಡಿದ್ದಕ್ಕೆ ತಕ್ಕ ಶಾಸ್ತಿ ಆಯ್ತು' ಎಂದು ನಮ್ಮ ಹೆಂಗಸರು ಇಂದಿಗೂ ಅನ್ನುತ್ತಾರೆ. ಹೀಗೆ ಗುರುವಿನ ಮಾತೂ ದಂಡದ ಪೆಟ್ಟೂ ಎರಡೂ ಒಂದೇ ಧಾತುವಿನಲ್ಲಿವೆ. ಆದರೆ ಗಮನಿಸಬೇಕಾದದ್ದು ಇಷ್ಟು: 'ಮಾಡು', 'ರಚಿಸು', 'ನಿರ್ಮಿಸು' ಎಂಬ ಅರ್ಥ ಇದರಲ್ಲಿ ಎಲ್ಲೂ ಇಲ್ಲ. ಶಾಸಕ ಎಂದರೆ ಮೂಲದಲ್ಲಿ ಕಲಿಸುವವನು, ಆಳುವವನು, ದಂಡಿಸುವವನು. ಹಿಂದಿಯಲ್ಲಿ ಶಾಸಕ ಎಂದರೆ ಈಗಲೂ ಆಳುವವನೇ. ಹಿಂದಿ ಬಲ್ಲವನ ಎದುರು ನಮ್ಮ ಕ್ಷೇತ್ರದ ಶಾಸಕ ಎಂದರೆ, ಯಾವ ರಾಜನನ್ನು ಕುರಿತು ಹೇಳುತ್ತಿದ್ದಾನೆ ಎಂದು ಅವನು ಒಂದು ಗಳಿಗೆ ಯೋಚಿಸಬೇಕಾಗುತ್ತದೆ.

2. ಶಾಸನ: ಆಜ್ಞೆಯಿಂದ ಕಲ್ಲಿಗೆ, ಕಲ್ಲಿನಿಂದ ಕಾಗದಕ್ಕೆ

ಹಾಗಾದರೆ ಕನ್ನಡದಲ್ಲಿ ಈ ಶಬ್ದಕ್ಕೆ ಕಾನೂನು ಮಾಡುವವನೆಂಬ ಅರ್ಥ ಬಂದದ್ದು ಹೇಗೆ? ಶಾಸನ ಎಂಬ ಮಾತಿನ ಮೂಲಕ. ಶಾಸಕ ಶಬ್ದವನ್ನು ಶಾಸನದಿಂದ ಹುಟ್ಟಿಸುವುದು ವ್ಯಾಕರಣಕ್ಕೆ ಸಲ್ಲದು, ಎರಡೂ ಒಂದೇ ಧಾತುವಿನ ಮಕ್ಕಳು. ಆದರೆ ಅರ್ಥದ ಮಟ್ಟಿಗೆ ತಮ್ಮನನ್ನು ಅಣ್ಣನೇ ಕೈಹಿಡಿದು ನಡೆಸಿದ್ದಾನೆ.

ಅಮರಸಿಂಹ ಆಜ್ಞೆಯ ಪರ್ಯಾಯಗಳ ಸಾಲಿನಲ್ಲಿ ಶಾಸನವನ್ನೂ ಶಿಷ್ಟಿಯನ್ನೂ ಇಟ್ಟಿದ್ದಾನೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶಾಸನಾಧಿಕಾರವೆಂಬ ಪ್ರಕರಣವೇ ಇದ್ದು, ರಾಜನ ಲಿಖಿತವಾದ ಆಜ್ಞೆ ಹೇಗಿರಬೇಕೆಂದು ಅಲ್ಲಿ ಹೇಳಿದೆ. ಈ ಗ್ರಂಥ ಲೋಕಕ್ಕೆ ಮತ್ತೆ ಸಿಕ್ಕಿದ್ದು ನಮ್ಮ ಮೈಸೂರಿನಲ್ಲಿ: ಓಲೆಗರಿಯ ಪ್ರತಿಯನ್ನು ಗುರುತಿಸಿದ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಬಾಯಿಮಾತಿನ ಆಜ್ಞೆ ಬರಹವಾದಾಗ ಶಾಸನವೆನಿಸಿತು. ಬರಹ ಕಲ್ಲಿಗೆ ಏರಿದಾಗ ಶಿಲಾಶಾಸನ, ತಾಮ್ರಕ್ಕೆ ಏರಿದಾಗ ತಾಮ್ರಶಾಸನ. ಹೀಗೆ ಕನ್ನಡದಲ್ಲಿ ಶಾಸನವೆಂದರೆ ಕೆತ್ತಿದ ಬರಹವೆಂಬ ಅರ್ಥವೇ ಮುಂದಾಯಿತು.

ನೀಲಗಿರಿಗೂ ಶಾಸನಕ್ಕೂ ಇರುವ ನಂಟು ಹಳೆಯದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯ ತೋಡರನ್ನು ಬೆದರಿಸಿ ನೀಲಾದ್ರಿಯನ್ನು ಹಿಡಿದ ಸಂಗತಿ ಚಾಮರಾಜನಗರದ ಪಾರ್ಶ್ವನಾಥ ಬಸದಿಯ 1117ರ ಶಾಸನದಲ್ಲಿದೆ. ಈ ಬೆಟ್ಟದ ಜನರ ಹೆಸರು ಲಿಖಿತ ದಾಖಲೆಯಲ್ಲಿ ಕಾಣಿಸಿಕೊಳ್ಳುವುದೇ ಹೀಗೆ: ಬೇರೊಬ್ಬನ ಶಾಸನದಲ್ಲಿ, ಬೆದರಿದವರೆಂದು. ಬೆಟ್ಟದ ಕೆಳಗೆ ಬರೆದದ್ದು ಬೆಟ್ಟದ ಮೇಲಿನವರಿಗೆ ಸಲ್ಲುವ ಪದ್ಧತಿ ಅಂದಿನದು.

ಮುಂದೆ ಅಚ್ಚಿನ ಕಾಲ ಬಂದು, ಸರ್ಕಾರದ ಕಾನೂನಿಗೂ ಶಾಸನವೆಂಬ ಹೆಸರು ಹತ್ತಿತು. ಶಾಸನವೆಂದರೆ ಕಾನೂನು ಎಂದಾದ ಮೇಲೆ, ಅದನ್ನು ಮಾಡುವವನು ಶಾಸಕ, ಮಾಡುವ ಅಂಗ ಶಾಸಕಾಂಗ ಎಂಬುದು ಸಹಜವಾಗಿ ಕೂಡಿಕೊಂಡಿತು. ದಾರಿ ಇಷ್ಟು: ಉಪದೇಶ, ಆಜ್ಞೆ, ಲಿಖಿತಾಜ್ಞೆ, ಕಲ್ಬರಹ, ಕಾಯಿದೆ. ಐದನೆಯ ಮೆಟ್ಟಿಲಿನಲ್ಲಿ ನಿಂತ ಶಾಸನ ಕೈಚಾಚಿ ಮೊದಲ ಮೆಟ್ಟಿಲಿನ ಶಾಸಕನನ್ನು ಮೇಲಕ್ಕೆ ಎಳೆದುಕೊಂಡಿತು.

3. ವಿಧಾಯಕ ಮತ್ತು ನೆರೆಹೊರೆ

ಮೈಸೂರು ಸಂಸ್ಥಾನದಲ್ಲಿ ರಂಗಾಚಾರ್ಲು ದಿವಾನರಾಗಿದ್ದಾಗ 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿತು. ಆ ಸಭೆಗೆ ಹೇಳಿಕೊಳ್ಳುವ ಅವಕಾಶವಿತ್ತೇ ಹೊರತು ಕಾನೂನು ಮಾಡುವ ಅಧಿಕಾರವಿರಲಿಲ್ಲ. 1907ರಲ್ಲಿ ಆ ಕೆಲಸಕ್ಕೆಂದೇ ಬೇರೊಂದು ಸಭೆ ಏರ್ಪಟ್ಟಿತು. ಅದನ್ನು ಅಂದಿನ ಕನ್ನಡ ಬರಹಗಳು 'ನ್ಯಾಯವಿಧಾಯಕ ಸಭೆ' ಎಂದು ಕರೆದವು. 'ವಿ' ಉಪಸರ್ಗ ಸೇರಿದ 'ಧಾ' ಧಾತುವಿಗೆ ಏರ್ಪಡಿಸು, ಮಾಡು ಎಂಬ ಅರ್ಥವಿದೆ. ವಿಧಿ, ವಿಧಾನ, ವಿಧಾತ, ವಿಧೇಯಕ ಎಲ್ಲವೂ ಅಲ್ಲಿಂದ ಬಂದವು. ಅರ್ಥಶುದ್ಧಿಯ ದೃಷ್ಟಿಯಿಂದ ಕಾನೂನು ಮಾಡುವವನಿಗೆ ವಿಧಾಯಕ ಎಂಬುದೇ ಹೆಚ್ಚು ಒಪ್ಪುತ್ತದೆ. ಹಿಂದಿಯವರು ಅದನ್ನೇ ಹಿಡಿದರು. ಕನ್ನಡವು ಸಭೆಗೆ ವಿಧಾನಸಭೆ ಎಂದಿತು, 1956ರಲ್ಲಿ ಮುಗಿದ ಕಟ್ಟಡಕ್ಕೆ ವಿಧಾನಸೌಧ ಎಂದಿತು, ಒಳಗೆ ಕೂರುವವನನ್ನು ಮಾತ್ರ ಶಾಸಕ ಎಂದಿತು. ಮನೆಯ ಹೆಸರು ಒಂದು ಧಾತುವಿನದು, ಮನೆಯವನ ಹೆಸರು ಇನ್ನೊಂದರದು.

ನೆರೆಯ ಭಾಷೆಗಳನ್ನು ನೋಡೋಣ. ತೆಲುಗಿನಲ್ಲಿ ಶಾಸನಸಭ್ಯುಡು, ಅಂದರೆ ಶಾಸನಸಭೆಯ ಸಭ್ಯ. ಮಲಯಾಳದಲ್ಲಿ ನಿಯಮಸಭಾಂಗಂ, ನಿಯಮಸಭೆಯ ಒಂದು ಅಂಗ. ತಮಿಳಿನಲ್ಲಿ ಚಟ್ಟಮನ್ರ ಉರುಪ್ಪಿನರ್, ಚಟ್ಟದ ಮನ್ರದ ಒಬ್ಬ ಸದಸ್ಯ. ಮೂವರೂ ವ್ಯಕ್ತಿಯನ್ನು ಸಭೆಯೊಳಗೆ ಕೂರಿಸಿ ಹೆಸರಿಟ್ಟಿದ್ದಾರೆ. ಕೆಲಸ ಸಭೆಯದು, ಆತ ಅದರಲ್ಲೊಬ್ಬ. ಕನ್ನಡದಲ್ಲಿ 'ವಿಧಾನಸಭಾ ಸದಸ್ಯ' ಎಂಬುದು ಕಾಗದಪತ್ರದಲ್ಲಿ ಇದ್ದರೂ ಮಾತಿನಲ್ಲಿ ಗೆದ್ದದ್ದು ಶಾಸಕ. ಅಲ್ಲಿ ಸಭೆ ಕಾಣುವುದಿಲ್ಲ. ಆಳುವ ಕರ್ತೃ ಒಬ್ಬನೇ ಕಾಣುತ್ತಾನೆ. ಶಬ್ದದ ಒಳಗಿರುವ ಸಂಸ್ಕಾರ ನಡತೆಯ ಮೇಲೂ ಬೀಳುತ್ತದೆಂದು ನಾನು ತಿಳಿದಿದ್ದೇನೆ. ರಸ್ತೆ ಮಾಡಿಸಲು, ವರ್ಗಾವಣೆ ಮಾಡಿಸಲು, ಪೊಲೀಸರಿಗೆ ಹೇಳಿಸಲು ಜನ ಶಾಸಕರ ಮನೆಗೆ ಹೋಗುತ್ತಾರೆ. ಈ ಕಾನೂನು ಹೀಗಿರಲಿ ಎಂದು ಕೇಳಲು ಹೋದವರನ್ನು ನಾನು ಕಂಡದ್ದು ಕಡಿಮೆ.

4. ಹೊರಗಿನಿಂದ ಬಂದ ಮಾತುಗಳು

ಸಂಸ್ಕೃತ ಶಬ್ದಗಳಿಗಿಂತ ಹೆಚ್ಚಾಗಿ ಜನರ ಬಾಯಲ್ಲಿ ಓಡಾಡುವವು ಪಾರಸಿಯ ಮೂಲಕ ಬಂದ ಅರಬ್ಬಿ ಮಾತುಗಳು. ಕಾಯಿದೆಗೆ ಮೂಲದಲ್ಲಿ ತಳಹದಿ ಎಂಬ ಅರ್ಥ. ಮಸೂದೆ ಎಂದರೆ ಕಪ್ಪು ಮಾಡಿದ್ದು, ಶಾಯಿಯಲ್ಲಿ ಬರೆದ ಕರಡು. ಕಾನೂನು ಅರಬ್ಬಿಗೆ ಗ್ರೀಕಿನಿಂದ ಬಂದದ್ದು. ಅಲ್ಲಿ ಅದರ ಅರ್ಥ ನೇರವಾದ ಅಳತೆಕೋಲು.

ಬೊಕ್ಕಾಪುರಂ ಸೀಮೆಯಲ್ಲಿ ಇವುಗಳ ಜೊತೆಗೆ ತಮಿಳಿನ 'ಚಟ್ಟಂ' ಸೇರುತ್ತದೆ; ಆಡುವಾಗ ಅದು 'ಸಟ್ಟಂ'. ತಮಿಳಿನಲ್ಲಿ ಈ ಮಾತಿಗೆ ಮರದ ಚೌಕಟ್ಟು ಎಂಬ ಅರ್ಥವೂ ಉಂಟು, ಕಾನೂನು ಎಂಬ ಅರ್ಥವೂ ಉಂಟು. ಚೌಕಟ್ಟಿನೊಳಗೆ ಇರಿಸುವುದೇ ಕಾನೂನು ಎಂಬ ಭಾವನೆ ಚೆನ್ನಾಗಿದೆ. ಕನ್ನಡದಲ್ಲಿ ಚಟ್ಟ ಎಂದರೆ ಹೆಣ ಹೊರುವ ಬಿದಿರಿನ ಚೌಕಟ್ಟು ಮಾತ್ರ. ಆದ್ದರಿಂದ ಹೊಸದಾಗಿ ಹೋದ ಕನ್ನಡಿಗನಿಗೆ 'ಚಟ್ಟಸಭೆ' ಎಂಬುದು ಅಮಂಗಳವಾಗಿ ಕೇಳುತ್ತದೆ. ಅಲ್ಲೇ ಹುಟ್ಟಿ ಬೆಳೆದವರಿಗೆ ಹಾಗಾಗುವುದಿಲ್ಲ. ಅವರ ಕನ್ನಡದಲ್ಲಿ ಎರಡು ಚಟ್ಟಗಳು ಜಗಳವಾಡದೆ ಇವೆ.

5. ಕಟ್ಟು

ಇಷ್ಟೆಲ್ಲ ಹೊರಗಿನ ಮಾತುಗಳಾದವು. ನಮ್ಮದೇ ಮಾತು ಯಾವುದು? 'ಕಟ್ಟು'. ಕಟ್ಟಳೆ, ಕಟ್ಟುಪಾಡು, ಕಟ್ಟುನಿಟ್ಟು, ಕಟ್ಟಾಜ್ಞೆ ಇವೆಲ್ಲ ಅದರ ಸಂತಾನ. ತಮಿಳಿನಲ್ಲಿ ಕಟ್ಟಳೈ, ಕಟ್ಟುಪ್ಪಾಡು, ತೆಲುಗಿನಲ್ಲಿ ಕಟ್ಟುಬಾಟು, ತುಳುವಿನಲ್ಲಿ ಕಟ್ಟುಕಟ್ಟಳೆ. ದ್ರಾವಿಡ ನುಡಿಗಳಲ್ಲಿ ಇಷ್ಟು ವ್ಯಾಪಕವಾಗಿ ಹಬ್ಬಿದ ಈ ಮಾತಿನಲ್ಲಿ ಕಾನೂನೆಂದರೆ ಬಿಗಿದು ಹಾಕಿದ ಗಂಟು. ಕೆರೆಯ ನೀರು ಹರಿದುಹೋಗದಂತೆ ತಡೆಯುವುದು ಕಟ್ಟೆ. ಅರಳಿಮರದ ಸುತ್ತ ಊರವರು ಕೂತು ನ್ಯಾಯ ಹೇಳುವ ಜಗಲಿಯೂ ಕಟ್ಟೆಯೇ. ಹಳೆ ಮೈಸೂರಿನ ಕೆಲವು ಸಮುದಾಯಗಳಲ್ಲಿ ಕುಲದ ನ್ಯಾಯಸ್ಥಾನಕ್ಕೆ ಕಟ್ಟೆಮನೆ ಎಂದೇ ಹೆಸರು.

ಬೊಕ್ಕಾಪುರಂ ಕಡೆಗೆ ಹೋದಾಗ ಇರುಳರ ಹಿರಿಯರೊಬ್ಬರಲ್ಲಿ ಈ ಬಗ್ಗೆ ವಿಚಾರಿಸಿದೆ. ಇರುಳರ ಮನೆಮಾತು ಬೇರೆ. ಕಮಿಲ್ ಜ್ವೆಲೆಬಿಲ್ 1973ರಲ್ಲಿ ಅದನ್ನು ಕುರಿತು ಪುಸ್ತಕವನ್ನೇ ಬರೆದಿದ್ದಾರೆ. ಹಿರಿಯರು ನನ್ನೊಡನೆ ಆಡಿದ್ದು ಗಡಿಯ ಕನ್ನಡ. ನಡೆದ ಮಾತನ್ನು ಆಡಿದಂತೆಯೇ ಕೊಡುತ್ತೇನೆ.

'ಯಜಮಾನ್ರೇ, ಕಾನೂನು ಮಾಡೋರು ಯಾರು?'

'ಕಾನೂನಾ ಮೇಷ್ಟ್ರೆ? ಅದು ಬತ್ತದ. ಮಾಡದ ನಾ ನೋಡಿಲ್ಲ.'

'ಮತ್ತೆ ಕಟ್ಟು?'

'ಕಟ್ಟು ಊರು ಮಾಡದು. ಎಲ್ರೂ ಕುಂತ್ಕಂಡು ಮಾಡದು.'

'ಕಟ್ಟು ಮಾಡೋನಿಗೆ ಏನಂತೀರಿ? ಹೆಸರು?'

'ಒಬ್ಬ ಮಾಡುದ್ರ ಅದು ಕಟ್ಟು ಆದದಾ?'

ಈ ನಾಲ್ಕು ಮಾತಿನಲ್ಲಿ ನನ್ನ ಪ್ರಬಂಧದ ತಿರುಳೇ ಇದೆ. ಕ್ರಿಯಾಪದಗಳನ್ನು ನೋಡಿ. ಕಾನೂನು 'ಬರುತ್ತದೆ', ಮಳೆಯ ಹಾಗೆ, ರೋಗದ ಹಾಗೆ. ಅದಕ್ಕೆ ಕಾಣುವ ಕರ್ತೃವಿಲ್ಲ. ಕಟ್ಟನ್ನು 'ಮಾಡುತ್ತಾರೆ', ಕರ್ತೃ ಉಂಟು, ಆದರೆ ಅದು 'ಊರು' ಎಂಬ ಸಮೂಹವಾಚಕ. ಕಾನೂನು ಮಾಡುವವನಿಗೆ ನಾಮಪದ ಯಾವುದೆಂದು ನಾನು ಕೇಳಿದ್ದಕ್ಕೆ, ಅಂಥ ನಾಮಪದವೇ ಇರಕೂಡದು ಎಂಬ ಉತ್ತರ ಬಂತು. ಅದು ಪದದ ಕೊರತೆಯಲ್ಲ, ಸಿದ್ಧಾಂತ. ನಮ್ಮ ಚಾಮರಾಜನಗರದ ಕಡೆಯಲ್ಲೂ 'ಊರ್ನವ್ರು ಕಟ್ಟು ಮಾಡವ್ರ' ಎಂಬುದೇ ಪ್ರಯೋಗ. ಗೌಡನೋ ಯಜಮಾನನೋ ಕಟ್ಟನ್ನು ಸಾರುತ್ತಾನೆ, ಕಾಯುತ್ತಾನೆ. ತಾನೊಬ್ಬನೇ ಮಾಡಿದೆನೆಂದು ಹೇಳಿಕೊಳ್ಳುವುದಿಲ್ಲ. ಬೆಟ್ಟದ ಮೇಲಿನ ಬಡಗರಲ್ಲೂ ಹಟ್ಟಿಗೆ ಒಬ್ಬ ಗೌಡ, ಸೀಮೆಗೆ ಒಬ್ಬ ಗೌಡ ಇದ್ದರೂ ನ್ಯಾಯ ನಡೆಯುವುದು ಕೂಟದಲ್ಲಿ.

6. ಒಂದು ಪೂರ್ವಪಕ್ಷ, ಅದಕ್ಕೆ ಸಮಾಧಾನ

ಇಲ್ಲಿ ಕೆಲವರು ಕೇಳಬಹುದು: ಊರ ಕಟ್ಟು ಎಂಬುದು ಬರಿಯ ರೂಢಿ, ಅದನ್ನು ಕಾನೂನಿನ ಸಮಕ್ಕೆ ಕೂರಿಸುವುದು ಹೇಗೆ? ಶಾಸ್ತ್ರದಲ್ಲಿ ಇದಕ್ಕೆ ಆಧಾರವಿದೆಯೇ?

ಇದೆ. ಕೌಟಿಲ್ಯ ವಿವಾದ ನಿರ್ಣಯಕ್ಕೆ ನಾಲ್ಕು ಪಾದಗಳನ್ನು ಹೇಳುತ್ತಾನೆ: ಧರ್ಮ, ವ್ಯವಹಾರ, ಚರಿತ್ರ, ರಾಜಶಾಸನ. ಇಲ್ಲಿ ಚರಿತ್ರವೆಂದರೆ ಇತಿಹಾಸವಲ್ಲ, ಜನರಲ್ಲಿ ನೆಲೆನಿಂತ ನಡವಳಿಕೆ. ರಾಜಶಾಸನವನ್ನು ಎಲ್ಲಕ್ಕಿಂತ ಬಲವಾಗಿಸಿದ ಆತನೂ ಜನರ ನಡವಳಿಕೆಯನ್ನು ಕಾಲುಗಳಲ್ಲೊಂದಾಗಿ ಉಳಿಸಿಕೊಂಡ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ 'ಸಂವಿದ್ವ್ಯತಿಕ್ರಮ' ಎಂಬ ಪ್ರಕರಣವಿದೆ. ಸಂವಿತ್ ಎಂದರೆ ಕೂಡಿ ಮಾಡಿಕೊಂಡ ಒಪ್ಪಂದ. ಅದನ್ನು ಮೀರುವುದು ವ್ಯತಿಕ್ರಮ. ನಮ್ಮ ಮಾತಿನಲ್ಲಿ ಹೇಳಬೇಕಾದರೆ 'ಕಟ್ಟು ಮೀರೋದು'. ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು, ಅಂದರೆ ನಮ್ಮ ನೆಲದವನು. ಸಂವಿತ್ ಬೇರೆ, ಸಂವಿಧಾನ ಬೇರೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಮೊದಲನೆಯದರಲ್ಲಿ 'ವಿದ್' ಧಾತು, ಎರಡನೆಯದರಲ್ಲಿ 'ಧಾ'. ಧ್ವನಿ ಹತ್ತಿರ, ಮೂಲ ದೂರ.

ಇನ್ನೊಂದು ಮಾತು. ಸ್ಮೃತಿಗಳನ್ನು ಬರೆದವರನ್ನು ನಾವು ಸ್ಮೃತಿಕಾರರು ಎನ್ನುತ್ತೇವೆ. ಸ್ಮೃತಿಯೆಂದರೆ ನೆನಪು. ಮನುವಾಗಲಿ ಯಾಜ್ಞವಲ್ಕ್ಯನಾಗಲಿ ಸಂಪ್ರದಾಯದ ದೃಷ್ಟಿಯಲ್ಲಿ ಧರ್ಮವನ್ನು 'ಮಾಡಿದವರು' ಅಲ್ಲ. ಇದ್ದದ್ದನ್ನು ನೆನೆದು ಹೇಳಿದವರು. ಹೊಸದಾಗಿ ಕಾನೂನು ಮಾಡುವ ಮನುಷ್ಯನಿಗೆ ಸಂಸ್ಕೃತದಲ್ಲೂ ಹಳೆಯ ಹೆಸರು ಸುಲಭವಾಗಿ ಸಿಗದಿರುವುದಕ್ಕೆ ಇದೇ ಕಾರಣ. ಹೊಸ ರಾಜ್ಯಪದ್ಧತಿ ಹೊಸ ಕರ್ತೃವನ್ನು ತಂದಿತು. ನಾವು ಹಳೆಯ ಶಬ್ದಕ್ಕೆ ಹೊಸ ಪೇಟ ಸುತ್ತಿ ಅವನ ತಲೆಗೆ ಇಟ್ಟೆವು.

7. ಕಟ್ಟಿನ ದೋಷ

ಹಾಗೆಂದು ಕಟ್ಟನ್ನು ಹೊಗಳಿ ಶಾಸನವನ್ನು ತೆಗಳುವುದು ನನ್ನ ಉದ್ದೇಶವಲ್ಲ. ಎಲ್ಲರೂ ಕುಳಿತು ಮಾಡುವುದು ಕಟ್ಟು ಎಂದರಲ್ಲ, ಆ 'ಎಲ್ಲರೂ' ಎಂಬುದರಲ್ಲಿ ಯಾರು ಯಾರು ಸೇರಿದ್ದರು? ಅರಳಿಕಟ್ಟೆಯ ಮೇಲೆ ಹೆಂಗಸರು ಕೂರುತ್ತಿರಲಿಲ್ಲ. ಹೊಲಗೇರಿಯವರು ದೂರ ನಿಲ್ಲಬೇಕಾಗಿತ್ತು. ಬಾವಿಯ ನೀರು ಮುಟ್ಟಬಾರದು, ಗುಡಿಯ ಬಾಗಿಲು ದಾಟಬಾರದು ಎಂಬುವೂ ಊರ ಕಟ್ಟುಗಳೇ. ಕಟ್ಟು ಮೀರಿದವನಿಗೆ ಬೆಂಕಿ ನೀರು ಇಲ್ಲದಂತೆ ಮಾಡಿದ್ದೂ ಊರೇ. ಗಂಟು ಹಾಕುವ ಕೈಗಳು ಕೆಲವರವು, ಗಂಟಿನೊಳಗೆ ಸಿಕ್ಕಿದ ಕುತ್ತಿಗೆ ಬೇರೆಯವರದು.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 13ನೆಯ ಅನುಚ್ಛೇದ ಈ ವಿಷಯದಲ್ಲಿ ಬಹಳ ಸೂಕ್ಷ್ಮವಾಗಿದೆ. ಕಾನೂನಿನ ಬಲವುಳ್ಳ ರೂಢಿ, ಪದ್ಧತಿಗಳನ್ನು ಅದು 'ಕಾನೂನು' ಎಂಬ ಮಾತಿನೊಳಗೇ ಸೇರಿಸಿಕೊಳ್ಳುತ್ತದೆ. ಜೊತೆಗೆ, ಮೂಲಭೂತ ಹಕ್ಕಿಗೆ ವಿರುದ್ಧವಾದಷ್ಟು ಭಾಗ ಶೂನ್ಯವೆನ್ನುತ್ತದೆ. 17ನೆಯ ಅನುಚ್ಛೇದ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಇಲ್ಲಿ ಶಾಸ್ ಧಾತುವಿನ ತಿದ್ದುವ ಅರ್ಥ ಸಾರ್ಥಕವಾಯಿತು. ಊರು ತಾನಾಗಿ ಬಿಚ್ಚದ ಗಂಟನ್ನು ಬಿಚ್ಚಲು ಶಾಸಕನೇ ಬೇಕು. ಊರಿನ ಒಪ್ಪಿಗೆ ಮತ್ತು ಊರನ್ನು ತಿದ್ದುವ ಬಲ, ಎರಡೂ ಕೂಡಿದರೆ ಕಾನೂನು ಕಾನೂನಾಗುತ್ತದೆ.

8. ಬಂದ ಕಾನೂನು, ಮಾಡಬೇಕಾದ ಕಟ್ಟು

ಬೊಕ್ಕಾಪುರಂ ಸೀಮೆಗೆ ಕಾನೂನು 'ಬಂದ' ಬಗೆಯನ್ನು ಇಸವಿಗಳಲ್ಲಿ ನೋಡಿದರೆ ಆ ಹಿರಿಯರ ಮಾತು ಎಷ್ಟು ಸರಿ ಎಂದು ತಿಳಿಯುತ್ತದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಬೆಟ್ಟ ಮೈಸೂರಿನಿಂದ ಕಂಪನಿಯ ಕೈಗೆ ಹೋಯಿತು. 1882ರಲ್ಲಿ ಮದ್ರಾಸು ಅರಣ್ಯ ಕಾಯಿದೆ ಬಂತು. 1940ರಲ್ಲಿ ಮುದುಮಲೆ ಅಭಯಾರಣ್ಯ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಬಂತು, ನೀಲಗಿರಿ ಮದ್ರಾಸಿನಲ್ಲೇ ಉಳಿಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ. 2007ರಲ್ಲಿ ಮುದುಮಲೆ ಹುಲಿ ಮೀಸಲು ಪ್ರದೇಶವಾಯಿತು. ಸೀಗೂರಿನ ಆನೆಹಾದಿಯ ಬಗ್ಗೆ ತಮಿಳುನಾಡು ಸರ್ಕಾರ 2010ರಲ್ಲಿ ಅಧಿಸೂಚನೆ ಹೊರಡಿಸಿತು. ಅದನ್ನು ಮದ್ರಾಸು ಉಚ್ಚ ನ್ಯಾಯಾಲಯ 2011ರಲ್ಲಿ, ಸರ್ವೋಚ್ಚ ನ್ಯಾಯಾಲಯ 2020ರ ಅಕ್ಟೋಬರ್ 14ರಂದು ಎತ್ತಿಹಿಡಿದವು. ಆನೆಗೂ ಹಾದಿ ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ನಾನು ಹೇಳುವುದು ಕ್ರಿಯಾಪದದ ವಿಷಯ: ಕಾಡಂಚಿನ ಜನರ ಮಾತಿನಲ್ಲಿ ಇವೆಲ್ಲ 'ಬಂದವು'.

ಈ ಸಾಲಿನಲ್ಲಿ ಒಂದು ಮಾತ್ರ ಬೇರೆ ಜಾತಿಯದು. 2006ರ ಅರಣ್ಯ ಹಕ್ಕು ಕಾಯಿದೆ ಹಕ್ಕುಗಳನ್ನು ನಿರ್ಣಯಿಸುವ ಕೆಲಸವನ್ನು ಆರಂಭಿಸುವ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿದೆ. ಗ್ರಾಮಸಭೆ ಎಂದರೆ ಊರಿನ ವಯಸ್ಕರೆಲ್ಲರೂ. ಹೆಂಗಸರು ಪೂರ್ಣವಾಗಿ, ತಡೆಯಿಲ್ಲದೆ ಭಾಗವಹಿಸಬೇಕು. ವನ್ಯಜೀವಿಗಳ ಅತಿಮುಖ್ಯ ನೆಲೆಯಿಂದ ಜನರನ್ನು ಬೇರೆಡೆಗೆ ಸಾಗಿಸಬೇಕಾದರೆ ಗ್ರಾಮಸಭೆಯ ಲಿಖಿತ ಒಪ್ಪಿಗೆ ಬೇಕು. ಅಂದರೆ ಶಾಸನವೇ ಕಟ್ಟನ್ನು ಕರೆದು, ಕಟ್ಟೆಯನ್ನು ಅಗಲ ಮಾಡಿ, ಹಿಂದೆ ದೂರ ನಿಂತವರನ್ನೂ ಮೇಲೆ ಕೂರಿಸಿ, 'ನೀನು ಮಾಡು' ಎಂದಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಈ ಕಾಯಿದೆಯಡಿ ಸಮುದಾಯದ ಅರಣ್ಯ ಹಕ್ಕು ಪಡೆದರು. ಹುಲಿ ಮೀಸಲು ಪ್ರದೇಶದೊಳಗೆ ಹಾಗೆ ಪಡೆದವರಲ್ಲಿ ಅವರು ಮೊದಲಿಗರು.

ಇಲ್ಲಿಯೇ ಮಾತಿನ ಪ್ರಶ್ನೆ ಬದುಕಿನ ಪ್ರಶ್ನೆಯಾಗುವುದು. 'ಗ್ರಾಮಸಭೆ' ಎಂದೊಡನೆ ಜನರ ಕಣ್ಣಿಗೆ ಕಟ್ಟುವುದು ಅಧಿಕಾರಿ ಬಂದು ಕಾಗದ ಓದಿ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುವ ದೃಶ್ಯ. ಅದೂ 'ಬಂದದ್ದು' ಎಂಬ ಪಟ್ಟಿಗೆ ಸೇರುತ್ತದೆ. ಅದನ್ನೇ 'ಊರು ಕೂತು ಕಟ್ಟು ಮಾಡೋದು, ಈ ಸಲ ಹೆಂಗಸರೂ ಕೂತು' ಎಂದು ಹೇಳಿದರೆ, ಕೇಳುವವನಿಗೆ ತಾನೇ ಕರ್ತೃವೆಂಬುದು ಒಂದೇ ವಾಕ್ಯದಲ್ಲಿ ತಿಳಿಯುತ್ತದೆ. ಒಪ್ಪಿಗೆಯ ಕಾಗದಕ್ಕೆ ಗುರುತು ಹಾಕುವ ಮೊದಲು 'ಇದು ನಾವು ಮಾಡಿದ ಕಟ್ಟಾ?' ಎಂದು ಕೇಳುವ ಧೈರ್ಯ ಬರುವುದು ಆ ಮಾತು ಬಾಯಲ್ಲಿದ್ದರೆ ಮಾತ್ರ. ಮಾತು ಹೋದರೆ ಕೇಳುವ ದಾರಿಯೂ ಮುಚ್ಚಿಹೋಗುತ್ತದೆ.

9. ಶಬ್ದಾನುಶಾಸನದ ಪಾಠ

ವೈಯಾಕರಣರಿಗೆ ಶಾಸ್ ಧಾತು ಬಹಳ ಪ್ರಿಯ. ಭಟ್ಟಾಕಳಂಕ 1604ರಲ್ಲಿ ಕನ್ನಡಕ್ಕೆ ಸಂಸ್ಕೃತ ಸೂತ್ರಗಳಲ್ಲಿ ವ್ಯಾಕರಣ ಬರೆದು ಅದಕ್ಕೆ ಕರ್ಣಾಟಕ ಶಬ್ದಾನುಶಾಸನ ಎಂದೇ ಹೆಸರಿಟ್ಟ. ಅನುಶಾಸನದಲ್ಲಿರುವ 'ಅನು' ಎಂಬ ಉಪಸರ್ಗಕ್ಕೆ 'ಹಿಂಬಾಲಿಸಿ' ಎಂಬ ಅರ್ಥವುಂಟು. ವೈಯಾಕರಣ ಶಬ್ದಗಳನ್ನು ಹುಟ್ಟಿಸುವುದಿಲ್ಲ. ಜನ ಆಡಿದ್ದನ್ನು ಹಿಂಬಾಲಿಸಿ, ಕೇಳಿ, ವಿಂಗಡಿಸಿ, ತಪ್ಪಿದ್ದಲ್ಲಿ ಎಚ್ಚರಿಸಿ ಸೂತ್ರ ಕಟ್ಟುತ್ತಾನೆ.

ಒಂದು ಸಣ್ಣ ಉದಾಹರಣೆ. ಪಾಣಿನಿಯ ಪ್ರಕಾರ ಶಾಸಕ ಶಬ್ದದ ಸ್ತ್ರೀಲಿಂಗ 'ಶಾಸಿಕಾ' ಎಂದಾಗಬೇಕು, ಗಾಯಕನಿಗೆ ಗಾಯಿಕಾ ಇದ್ದಂತೆ. ಕನ್ನಡಿಗರು 'ಗಾಯಕಿ' ಎಂದರು, 'ಶಾಸಕಿ' ಎಂದರು. ಪಂಡಿತರು ಗೊಣಗಿದರೂ ಜನ ಬಿಡಲಿಲ್ಲ. ಇಂದು ಕನ್ನಡದ ವ್ಯಾಕರಣ ಬರೆಯುವವನು ಶಾಸಕಿ ಎಂಬುದಕ್ಕೇ ಸೂತ್ರ ಮಾಡಬೇಕು. ಭಾಷೆಯ ವಿಷಯದಲ್ಲಿ ಕಟ್ಟು ಮಾಡುವುದು ಊರು, ಪಂಡಿತನದು ಅನುಶಾಸನ.

ಕಾನೂನಿನ ಶಾಸಕನೂ ಹೀಗೆಯೇ ಅನುಶಾಸಕನಾಗಬೇಕೆಂಬುದು ಈ ಪದವಿಚಾರದಿಂದ ನನಗೆ ಹೊಳೆದ ಅರ್ಥ. ಶಾಸಕ ಎಂಬ ಮಾತನ್ನು ಬಿಡಬೇಕಾಗಿಲ್ಲ; ಅದು ನೆಲೆನಿಂತ ರೂಢಿ. ಅದರೊಳಗಿನ ಗುರುವಿನ ಅರ್ಥವನ್ನೂ ತಿದ್ದುವ ಅರ್ಥವನ್ನೂ ಉಳಿಸಿಕೊಂಡು, ಆಳುವ ಗರ್ವವನ್ನು ಕಳೆಯಬೇಕು. ಅದಕ್ಕೆ ಮದ್ದು ಸಂಸ್ಕೃತ ಕೋಶದಲ್ಲಿಲ್ಲ, 'ಒಬ್ಬ ಮಾಡುದ್ರ ಅದು ಕಟ್ಟು ಆದದಾ' ಎಂಬ ಗಡಿಮಾತಿನಲ್ಲಿದೆ.

ಕಡೆಯದಾಗಿ ಉಪಭಾಷೆಗಳನ್ನು ಅಭ್ಯಾಸ ಮಾಡುವ ವಿದ್ವಾಂಸರಲ್ಲಿ ಒಂದು ಬಿನ್ನಹ. ಬಡಗ ನುಡಿಗೆ ಹಾಕಿಂಗ್ಸ್ ಮತ್ತು ಪಿಲೋ-ರೈಶೂರ್ ಅವರು ಸಿದ್ಧಪಡಿಸಿದ ನಿಘಂಟು 1992ರಲ್ಲೇ ಬಂದಿದೆ. ಮಸಿನಗುಡಿ, ಬೊಕ್ಕಾಪುರಂ, ಮೋಯಾರ್ ಸೀಮೆಯಲ್ಲಿ ಆಡುವ ಕನ್ನಡದಿಂದ ನ್ಯಾಯಕ್ಕೆ ಸಂಬಂಧಿಸಿದ ಮಾತುಗಳನ್ನು, ಅಂದರೆ ಕಟ್ಟು, ಕಟ್ಟೆ, ಕೂಟ, ತಪ್ಪುಕಾಣಿಕೆ, ಆಣೆ, ಒಪ್ಪಿಗೆ, ಸಾಕ್ಷಿ ಮೊದಲಾದವುಗಳನ್ನು, ಅವು ಸೇರುವ ಕ್ರಿಯಾಪದಗಳ ಸಮೇತ ಬರೆದಿಡಬೇಕು. ಬರಿಯ ನಾಮಪದದ ಪಟ್ಟಿ ಸಾಲದು. ಯಾವುದು 'ಬರುತ್ತದೆ', ಯಾವುದನ್ನು 'ಮಾಡುತ್ತೇವೆ', ಯಾವುದು 'ಬೀಳುತ್ತದೆ', ಯಾವುದನ್ನು 'ಬಿಚ್ಚುತ್ತೇವೆ' ಎಂಬುದರಲ್ಲೇ ಜನರ ನ್ಯಾಯಶಾಸ್ತ್ರ ಅಡಗಿದೆ. ಈ ಮಾತುಗಳನ್ನು ಆಡುವ ಹಿರಿಯರು ಇನ್ನೂ ಇದ್ದಾರೆ. ಅವರ ಮೊಮ್ಮಕ್ಕಳು ಶಾಲೆಯಲ್ಲಿ ಕಲಿಯುತ್ತಿರುವುದು ಸಟ್ಟಂ. ಎರಡೂ ಕಲಿಯಲಿ. ಆದರೆ ಒಂದನ್ನು ಕಲಿಯುವುದರೊಳಗೆ ಇನ್ನೊಂದು ಬಾಯಿಂದ ಜಾರದಂತೆ ನೋಡಿಕೊಳ್ಳುವುದು ನಮ್ಮಂಥವರ ಕೆಲಸ.